ಟೇಕಲ್ಲಿನ ಖಾಲಿ ಕಟ್ಟಡದಿಂದ ತೆರವಾದವರ ಪರವಾಗಿ

ಖಾಲಿ ಸರ್ಕಾರಿ ಕಟ್ಟಡಗಳ ಹಂಚಿಕೆ ಅಧಿಕಾರಿಗಳೇ,

ನಮ್ಮ ಹಕ್ಕಿ ಸಂರಕ್ಷಣಾ ಬಳಗಕ್ಕೆ ಕಚೇರಿ ಕೊಡುವ ಸಲುವಾಗಿ ತಾವು ಮೂರು ಹಕ್ಕಿಮರಿಗಳನ್ನು ಕೊಲ್ಲಿಸಿದ್ದೀರಿ. ಸಾಲದ್ದಕ್ಕೆ ಅದನ್ನು ‘ತಮ್ಮ ಕೋರಿಕೆಯ ಮೇರೆಗೆ’ ಮಾಡಿದ್ದೆಂದು ನನ್ನ ಹೆಸರಿಗೇ ಬರೆದು ಕಳಿಸಿದ್ದೀರಿ. ಮೂವತ್ತೊಂದು ವರ್ಷ ಶ್ರೀನಿವಾಸಪುರದ ಕಡೆಯ ಶಾಲೆಗಳಲ್ಲಿ ವಿಜ್ಞಾನ ಪಾಠ ಹೇಳಿದವಳು ನಾನು. ಇಂಥ ಪತ್ರ ನನಗೆ ಇದುವರೆಗೆ ಬಂದಿರಲಿಲ್ಲ. ಓದಿದಾಗ ಹತ್ತಿದ ಉರಿ ಇನ್ನೂ ಆರಿಲ್ಲ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲ್ಲೂಕುಗಳ ಕೆರೆ, ಗುಡ್ಡ, ಮಾವಿನ ತೋಪುಗಳಲ್ಲಿ ಹಕ್ಕಿ ಎಣಿಸಿ ಬರೆದಿಡುವುದು, ಗಾಯಗೊಂಡವನ್ನು ಉಪಚರಿಸಿ ಬಿಡುವುದು ನಮ್ಮ ಕೆಲಸ. ಎರಡು ವರ್ಷದಿಂದ ಒಂದು ಕೋಣೆಗಾಗಿ ಅಲೆದಿದ್ದೇವೆ. ಹದಿನಾಲ್ಕು ವರ್ಷದ ದಾಖಲೆ ನನ್ನ ಅಡುಗೆಮನೆಯ ಅಟ್ಟದ ಮೇಲಿದೆ, ಅರ್ಧವನ್ನು ಗೆದ್ದಲು ನಮಗಿಂತ ಮೊದಲೇ ಓದಿ ಮುಗಿಸಿದೆ. ನಂಗಲಿ ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕಿದ ಹಕ್ಕಿಗಳು ನಮ್ಮ ಮುನೇಶನ ಪಂಕ್ಚರ್ ಅಂಗಡಿಯಲ್ಲಿ, ಟೈರುಗಳ ನಡುವೆ, ಮಾವಿನಹಣ್ಣಿನ ಡಬ್ಬಿಗಳಲ್ಲಿ ಮಲಗುತ್ತವೆ. ಸಭೆ ನಡೆಯುವುದು ಟೇಕಲ್ ರೈಲ್ವೆ ಸ್ಟೇಷನ್ನಿನ ಕಲ್ಲು ಬೆಂಚಿನ ಮೇಲೆ. ಆ ಬೆಂಚು ಇದುವರೆಗೆ ನಮ್ಮಿಂದ ನಿರಾಕ್ಷೇಪಣಾ ಪತ್ರ ಕೇಳಿಲ್ಲ ಎಂಬುದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ. ಮಾಲೂರಿನಲ್ಲಿ ಬಾಡಿಗೆಗೆ ಮನೆ ಕೇಳಲು ಹೋದಾಗ ಮನೆಯ ಯಜಮಾನಿ, “ಗೂಬೆನೂ ತರ್ತೀರೇನಮ್ಮ?” ಎಂದರು. ಹೌದು ಎಂದೆ. ಬಾಗಿಲು ಹಾಕಿಕೊಂಡರು. ಸುಳ್ಳು ಹೇಳಿದ್ದರೆ ಅವತ್ತೇ ಕಚೇರಿ ಸಿಗುತ್ತಿತ್ತು.

ಸುಳ್ಳು ಬರದ ಈ ರೋಗವೇ ತಮ್ಮ ಅರ್ಜಿ ನಮೂನೆಯಲ್ಲೂ ನಮ್ಮನ್ನು ಕೆಡಿಸಿತು. ಟೇಕಲ್ ಬೆಟ್ಟದ ಕೆಳಗೆ ಹನ್ನೊಂದು ವರ್ಷದಿಂದ ಬೀಗ ಜಡಿದ ರೇಷ್ಮೆ ಇಲಾಖೆಯ ಹಳೆಯ ಕಟ್ಟಡವನ್ನು ನಾವು ಕೇಳಿದ್ದೆವು. ತಮ್ಮ ನಮೂನೆಯ ಏಳನೇ ಕಾಲಂ: ‘ಕಟ್ಟಡದಲ್ಲಿ ಸದ್ಯ ವಾಸವಿರುವವರ ವಿವರ’. ಬೇರೆ ಯಾರೇ ಆಗಿದ್ದರೂ ಒಂದು ಗೆರೆ ಎಳೆದು ಮುಂದೆ ಹೋಗುತ್ತಿದ್ದರು. ನಾವು ಹಕ್ಕಿ ಎಣಿಸುವ ಜನ, ಕಂಡದ್ದನ್ನು ಬರೆಯದೆ ಬಿಟ್ಟರೆ ನಿದ್ದೆ ಬರುವುದಿಲ್ಲ. ದುಂಡಗಿನ ಅಕ್ಷರದಲ್ಲಿ ನಾನೇ ತುಂಬಿದೆ: ಕಣಜ ಗೂಬೆ, ಒಂದು ಜೋಡಿ. ಮರಿ ನಾಲ್ಕು. ಹಿಂದಿನ ಕೋಣೆ, ಮೇಲಿನ ಕಿಂಡಿ.

ಹದಿನೈದು ದಿನಕ್ಕೆ ಉತ್ತರ ಬಂತು: ಕಟ್ಟಡದಲ್ಲಿ ವಾಸವಿರುವುದರಿಂದ ಅರ್ಜಿ ತಿರಸ್ಕೃತ. ಓಡಿಬಂದೆ. ತಮ್ಮ ಗುಮಾಸ್ತರು ಕಡತ ತಿರುವಿ, “ನೀವೇ ಬರ್ದಿದ್ದೀರಲ್ಲ ಮೇಡಂ, ವಾಸ ಅವ್ರೆ ಅಂತ. ಹಕ್ಕಿ ಪಕ್ಕಿ ಅಂದ್ರೆ ಸುಮ್ನೆ ಬಿಟ್‌ಬಿಡ್ಬೇಕಿತ್ತು. ಯಾರ್ ಕೇಳಿದ್ರು ನಿಮ್ಮನ್ನ?” ಎಂದು ಬುದ್ಧಿ ಹೇಳಿದರು. ತಮ್ಮ ಎದುರಿಗೂ ನಿಂತು ವಿವರಿಸಿದೆ. ಐದಾರು ವಾರ ಕಾಯಿರಿ, ಮರಿಗಳು ಹಾರಿಹೋಗುತ್ತವೆ, ಆಮೇಲೆ ಕೊಡಿ, ಮೊದಲೇ ಕೊಡುವುದಾದರೆ ಅಲ್ಲಿಯವರೆಗೆ ಮುಂಭಾಗದ ಕೋಣೆಯೊಂದೇ ಸಾಕು ಎಂದೆ. ತಾವು ತಲೆಯಾಡಿಸಿದಿರಿ. ಅದನ್ನು ಒಪ್ಪಿಗೆ ಎಂದುಕೊಂಡು ಬಸ್ಸು ಹತ್ತಿದ ನನ್ನಷ್ಟು ದಡ್ಡಿ ಇನ್ನೊಬ್ಬಳಿಲ್ಲ.

ನಾಲ್ಕನೇ ದಿನ ತಮ್ಮವರು ಹೊಗೆ ಹಾಕಿದರು. ಬಿದಿರ ಗಳುವಿನಿಂದ ತಿವಿದು ಗೂಡು ಕೆಡವಿದರು. ಮೂರು ಮರಿಗಳು ಸಿಮೆಂಟು ನೆಲಕ್ಕೆ ಬಿದ್ದು ಸತ್ತವು. ನಾಲ್ಕನೆಯದು ಬೇಲಿಯ ಸಂದಿಯಲ್ಲಿ ಆ ಪಕ್ಕದ ಮನೆಯ ದೊಡ್ಡವೆಂಕಟಮ್ಮನ ಕೈಗೆ ಸಿಕ್ಕಿತು. ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದ ಆ ಮುದುಕಿ, ಸುದ್ದಿ ತಿಳಿದು ಓಡಿಹೋದ ನನ್ನನ್ನು ನೋಡಿ ಕೇಳಿದ್ದಿಷ್ಟು: “ನೀವೇ ಕಾಗ್ದ ಬರ್ದ್ ಕೊಟ್ರಂತೆ, ಹೌದೇನಮ್ಮಾ? ಪಾಪಂ, ಈ ಪಿಲ್ಲಲು, ಈ ಮರಿಗಳು, ನಿಮ್ಗೇನ್ ಮಾಡಿದ್ವು?” ಅಲ್ಲೇ ಅತ್ತೆ. ಅರವತ್ತಮೂರನೇ ವಯಸ್ಸಿನಲ್ಲಿ ಅಷ್ಟು ಜನರ ಮುಂದೆ ಅತ್ತಿದ್ದಕ್ಕೆ ನಾಚಿಕೆಯೇನೂ ಇಲ್ಲ. ಕಿಂಡಿ ಯಾವುದೆಂದು ತಮ್ಮವರಿಗೆ ತೋರಿಸಿಕೊಟ್ಟದ್ದು ನನ್ನ ಅಕ್ಷರ, ನಾಚಿಕೆ ಅದಕ್ಕೆ.

ಮರುದಿನವೇ ತಮ್ಮ ಆದೇಶ ಕೈಸೇರಿತು. ತಿರಸ್ಕೃತವಾಗಿ ಬಿದ್ದಿದ್ದ ಕಡತಕ್ಕೆ ಒಂದೇ ದಿನದಲ್ಲಿ ಕಾಲು ಬಂದಿತ್ತು! ‘ತಮ್ಮ ಕೋರಿಕೆಯ ಮೇರೆಗೆ ಕಟ್ಟಡವನ್ನು ತೆರವುಗೊಳಿಸಲಾಗಿದೆ. ಅಶುಭ ಪಕ್ಷಿಗಳು ಮರಳಿ ಬಾರದಂತೆ ಕಿಂಡಿಗಳಿಗೆ ಜಾಲರಿ ಅಳವಡಿಸಲಾಗಿದೆ. ಜಾಲರಿ ತೆಗೆಯತಕ್ಕದ್ದಲ್ಲ. ಮುಂದಿನ ತಿಂಗಳ ಉದ್ಘಾಟನಾ ಸಮಾರಂಭದಲ್ಲಿ ಬೀಗದ ಕೈ ಹಸ್ತಾಂತರಿಸಲಾಗುವುದು.’ ಹಕ್ಕಿ ಉಳಿಸುವವರ ಕಚೇರಿಗೆ ಹಕ್ಕಿ ಬಾರದಂತೆ ಜಾಲರಿ! ಇದನ್ನು ಟೈಪು ಮಾಡುವಾಗ ತಮ್ಮ ಕಚೇರಿಯಲ್ಲಿ ಒಬ್ಬರಿಗಾದರೂ ಕೈ ತಡೆಯಲಿಲ್ಲವೇ? ಅಶುಭ ಎಂದು ಯಾವ ಇಲಾಖೆ ಪ್ರಮಾಣೀಕರಿಸಿತು? ಸುತ್ತಲ ಹೊಲಗಳ ಇಲಿಗಳನ್ನು ಹಿಡಿದು ರೈತನ ರಾಗಿ ಉಳಿಸುವ ಹಕ್ಕಿ ಅಶುಭವಾದರೆ, ಹನ್ನೊಂದು ವರ್ಷ ಕಟ್ಟಡಕ್ಕೆ ಬೀಗ ಹಾಕಿ ಕೂತವರನ್ನು ಏನೆಂದು ಕರೆಯಬೇಕು? ಗೂಬೆಯನ್ನು ಕೊಲ್ಲುವುದು ಕಾನೂನಿನ ಪ್ರಕಾರ ಅಪರಾಧ ಎಂಬುದನ್ನು ತಮ್ಮಂಥವರಿಗೆ ನಾನು ಹೇಳಿಕೊಡಬೇಕೇ? ಅರಣ್ಯ ಇಲಾಖೆಗೆ ದೂರು ಕೊಟ್ಟಿದ್ದೇನೆ. ಅದರಲ್ಲಿ ನನ್ನ ತಪ್ಪನ್ನೂ ಬರೆದಿದ್ದೇನೆ.

ಉಳಿದ ಮರಿ ಈಗ ಮುನೇಶನ ಅಂಗಡಿಯಲ್ಲಿದೆ. “ಇದು ಗಟ್ಟಿ ಜೀವ ಮೇಡಂ, ಬದುಕ್ತೈತೆ. ಆದ್ರೆ ಅಮ್ಮನ ಹತ್ರ ಬಿಡ್ಬೇಕು. ಇಲಿ ಹಿಡಿಯೋದು ನಾನೇನ್ ಕಲಿಸ್ಲಿ ಇದಕ್ಕೆ?” ಎನ್ನುತ್ತಾನೆ. ಅದರ ತಾಯಿ ತಂದೆ ಎಲ್ಲಿಗೂ ಹೋಗಿಲ್ಲ. ದಿನಾ ಮುಸ್ಸಂಜೆ ಕಿಂಡಿಯ ಹತ್ತಿರ ಬಂದು, ಬಾಯಲ್ಲಿ ಇಲಿ ಕಚ್ಚಿಕೊಂಡೇ ತಾವು ಹಾಕಿಸಿದ ಜಾಲರಿಗೆ ಡಿಕ್ಕಿ ಹೊಡೆದು ಹುಣಸೆಮರಕ್ಕೆ ಮರಳುತ್ತವೆ. ದೊಡ್ಡವೆಂಕಟಮ್ಮ ನೋಡಲಾರದೆ ಆ ಹೊತ್ತಿಗೆ ಬಾಗಿಲು ಹಾಕಿಕೊಳ್ಳುತ್ತಾರೆ. ಇನ್ನು ಎರಡು ಮೂರು ದಿನ ಹೀಗೇ ಆದರೆ ಅವು ಬರುವುದನ್ನು ನಿಲ್ಲಿಸುತ್ತವೆ. ಆಮೇಲೆ ಮರಿಯನ್ನು ಇಟ್ಟರೂ ತಿನ್ನಿಸುವವರಿಲ್ಲ.

ಆದ್ದರಿಂದ ನಾಳೆ ಸಂಜೆಯೊಳಗೆ ಹಿಂದಿನ ಕೋಣೆಯ ಬೀಗ ತೆಗೆಸಿ, ಜಾಲರಿ ಕೀಳಿಸಿ. ಮರಿಯನ್ನು ಅದರ ಜಾಗದಲ್ಲಿಟ್ಟು ಬರುತ್ತೇವೆ. ತಮ್ಮ ಸಮಾರಂಭ, ರಿಬ್ಬನ್ನು, ಬೀಗದ ಕೈ ಯಾವುದೂ ನಮಗೆ ಬೇಡ. ಹಂಚಿಕೆ ಆದೇಶವನ್ನು ಈ ಪತ್ರದೊಂದಿಗೆ ಹಿಂದಿರುಗಿಸಿದ್ದೇನೆ. ಆ ಕಟ್ಟಡ ಅವುಗಳಿಗಿರಲಿ.

ಇಂತಿ,
ಕಚೇರಿ ಕೇಳಿ ಒಂದು ಸಂಸಾರ ಕೆಡಿಸಿದ,
ಚಂದ್ರಕಲಾ
ಕಾರ್ಯದರ್ಶಿ, ಹಕ್ಕಿ ಸಂರಕ್ಷಣಾ ಬಳಗ