ತುಂಬಿದ್ದ ಡಬ್ಬಿ

ಸಿಲ್ವರ್ಟನ್ ಗುಡ್ಡ, ಆರಿಗನ್
ಆಗಸ್ಟ್ 9, 1981

ಪ್ರೀತಿಯ ವರ್ಲಿನ್ ಅಣ್ಣ,

ನಿನ್ನ ಕಾಗದ ನಿನ್ನೆ ತಲುಪಿತು. ಹನ್ನೊಂದು ವರ್ಷದ ಮೇಲೆ, ಒಣಹುಲ್ಲು ಸುಡುವ ಕೆಲಸಕ್ಕೆ ಶನಿವಾರ ಬರುತ್ತೇನೆಂದು ಬರೆದಿದ್ದೀಯ. ಕೊನೆಯಲ್ಲಿ, "ಈ ಸಲ ಡಬ್ಬಿಯ ಎಣ್ಣೆ ಮೂರು ಸಲ ನೋಡ್ತೀನಿ, ಹೆದರ್ಬೇಡ" ಎಂಬ ಒಂದು ಸಾಲಿದೆ. ಅದನ್ನು ಓದಿ ಈ ಕಾಗದ ಬರೆಯಲು ಕೂತೆ.

ನೀನು ಊರು ಬಿಡುವ ಹಿಂದಿನ ವರ್ಷದ ಆ ದಿನ ನಿನಗೂ ನೆನಪಿದೆ. ಹುಲ್ಲಿನ ಬೀಜ ಬಡಿದು ಮುಗಿದಿತ್ತು, ಮುಂದಿನ ಬೆಳೆಗಾಗಿ ಕೂಳೆ ಸುಡಬೇಕಿತ್ತು. ನಾಲ್ಕು ಗಂಟೆಯವರೆಗೆ ಮಾತ್ರ ಸುಡಬಹುದೆಂದು ರೇಡಿಯೋದಲ್ಲಿ ಹೇಳಿದ್ದರು. ಮೇಲಿನ ಹೊಲ ಆಗಲೇ ಉರಿಯುತ್ತಿತ್ತು. ರಸ್ತೆ ಬದಿಯ ಅರವತ್ತು ಎಕರೆ ಬಾಕಿ. ನೀನು ರಸ್ತೆಯ ಅಂಚಿನಲ್ಲಿ ನೀರಿನ ಲಾರಿಯ ಜೊತೆ, ನಾನು ಆಚೆ ಬದಿಯಲ್ಲಿ, ಮೂತಿಯಿಂದ ಉರಿ ತೊಟ್ಟಿಕ್ಕುವ ಆ ಡಬ್ಬಿ ಹಿಡಿದು.

ಆಗ ಗಾಳಿ ತಿರುಗಿತು. ನೆಟ್ಟಗೆ ಏಳುತ್ತಿದ್ದ ಹೊಗೆ ಬಾಗಿ ರಸ್ತೆಯ ಕಡೆ ಇಳಿಯತೊಡಗಿತು. ದಿಬ್ಬದ ಮೇಲೆ ಹುರುಳಿಕಾಯಿ ಬಿಡಿಸಲು ಹೋದ ಮಕ್ಕಳ ಬಸ್ಸು ಬರುತ್ತಿತ್ತು. ನೀನಿದ್ದ ತಗ್ಗಿಗೆ ಅದು ಕಾಣುತ್ತಿರಲಿಲ್ಲ. ಹೊಗೆ ಕವಿದರೆ ಬಸ್ಸಿನವನಿಗೆ ರಸ್ತೆಯೇ ಕಾಣುತ್ತಿರಲಿಲ್ಲ.

"ಓರ್ಫಾ, ನಿದ್ದೆ ಬಂತೇನೇ? ಹಚ್ಚು, ಟೈಮಾಗ್ತಿದೆ" ಎಂದು ನೀನು ಕೂಗಿದೆ.

ಹೊಗೆಯೆಂದರೆ ನೀನು ಒಪ್ಪುವುದಿಲ್ಲವೆಂದುಕೊಂಡು ನಾನು ಡಬ್ಬಿಯ ತಿರುಪು ಮುಚ್ಚಿದೆ. ಉರಿ ಆರಿತು. "ಎಣ್ಣೆ ಇಲ್ಲ ಕಣೋ, ಖಾಲಿ" ಎಂದು ಕೂಗಿದೆ.

ಎಣ್ಣೆ ಮುಕ್ಕಾಲು ಡಬ್ಬಿ ಇತ್ತು, ಅಣ್ಣ. ನೀನು ಕೊಟ್ಟಿಗೆಗೆ ಓಡಿದಾಗ ಅದನ್ನು ಚರಂಡಿಗೆ ಸುರಿದೆ. ನೀನು ಇನ್ನೊಂದು ಡಬ್ಬಿ ತರುವಷ್ಟರಲ್ಲಿ ನಾಲ್ಕು ದಾಟಿತ್ತು. ಮಾರನೆಯ ದಿನದಿಂದ ಮಳೆ ಹಿಡಿಯಿತು. ಬುಡ ಸುಡದ ಫೆಸ್ಕ್ಯೂ ಹುಲ್ಲು ಮರುವರ್ಷ ಬರೀ ಎಲೆ ಬಿಟ್ಟಿತು, ಅರವತ್ತು ಎಕರೆಯಲ್ಲೂ ತೆನೆಯಿಲ್ಲ. ಕೊಯ್ಲಿನ ಆಳುಗಳೆಲ್ಲ ಕೇಳುವಂತೆ ಅಪ್ಪ, "ಡಬ್ಬಿ ತುಂಬ್ಸೋಕೂ ಬರದವನಿಗೆ ಹೊಲ ಯಾಕೋ?" ಎಂದರು. ನೀನು ತಲೆ ತಗ್ಗಿಸಿ, "ಮರ್ತೆ ಅಪ್ಪಾ" ಎಂದೆ. ತುಂಬಿಸಿದ್ದು ನಿನಗೇ ನೆನಪಿರಬೇಕಿತ್ತು, ಆದರೆ ನೀನು ನನ್ನ ಮಾತು ನಂಬಿದೆ. ಆ ವಾರವೇ ಕರಾವಳಿಯ ಮರದ ಮಿಲ್ಲಿಗೆ ಹೊರಟುಹೋದೆ.

ಬಸ್ಸು ಆ ದಿನ ಸುಮ್ಮನೆ ದಾಟಿಹೋಗಿತ್ತು. ಮಕ್ಕಳು ಕಿಟಕಿಯಿಂದ ನನಗೆ ಕೈ ಬೀಸಿದರು. ಏನೂ ಆಗಲಿಲ್ಲ, ಅದಕ್ಕೇ ಹೇಳಲು ಬಾಯಿ ಬರಲಿಲ್ಲ. ಹೇಳಿದ್ದರೆ, ಹತ್ತೊಂಬತ್ತರ ಹುಡುಗಿ ಹೊಗೆಗೆ ಹೆದರಿ ಒಂದು ವರ್ಷದ ಬೆಳೆ ಕಳೆದಳೆಂದು ಅಪ್ಪ ನಗುತ್ತಿದ್ದರು. ನಾನು ಹಚ್ಚಿದ್ದರೆ ಏನಾಗುತ್ತಿತ್ತೋ ಇವತ್ತಿಗೂ ಗೊತ್ತಿಲ್ಲ. ಅಪ್ಪ ತೀರಿಕೊಳ್ಳುವ ಮೊದಲು ಹೇಳಬಹುದಿತ್ತು. ಹೇಳಲಿಲ್ಲ.

ಶನಿವಾರ ಸುಡುವುದು ಅದೇ ಅರವತ್ತು ಎಕರೆ. ಡಬ್ಬಿ ನನ್ನ ಕೈಯಲ್ಲೇ ಇರುತ್ತದೆ. ಹೊಗೆ ರಸ್ತೆಗೆ ಬಾಗಿದರೆ ಈ ಸಲವೂ ಆರಿಸುತ್ತೇನೆ, ಆದರೆ ಎಣ್ಣೆ ಇಲ್ಲವೆಂದು ಹೇಳುವುದಿಲ್ಲ. ಅದನ್ನು ತಿಳಿದು ಬರುವುದಾದರೆ ಬಾ. ಬರದಿದ್ದರೂ ನನಗೆ ಅರ್ಥವಾಗುತ್ತದೆ.

ಬಂದರೆ, ಡಬ್ಬಿಯ ಮುಚ್ಚಳ ತೆಗೆದು ನೋಡಬೇಡ. ಅವತ್ತೂ ನೀನು ಸರಿಯಾಗಿಯೇ ತುಂಬಿಸಿದ್ದೆ.

ದಾರಿಯುದ್ದಕ್ಕೂ ನಿನಗೆ ತಿಳಿಯಾದ ಗಾಳಿ ಸಿಗಲಿ.

ನಿನ್ನ ತಂಗಿ,
ಓರ್ಫಾ