ನಡುಮನೆಗೆ ಹಾಸಿದ ಗೋಣಿ

ಶೆಟ್ಟಿಕೊಪ್ಪ
೧೯-೧೧-೨೦೦೬

ಪ್ರೀತಿಯ ಸೀತಕ್ಕನಿಗೆ ನಿನ್ನ ತಂಗಿ ವೇದಾವತಿಯ ನಮಸ್ಕಾರ.

ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರ ಬರೆಯಲಿಲ್ಲವೆಂದು ಬೈಯಬೇಡ. ಈ ಮನೆಯಲ್ಲೀಗ ನಾಯಿಯ ಮಂಡಿಯೊಂದನ್ನು ಬಿಟ್ಟು ಬೇರೆ ಮಾತಿಲ್ಲ! ನಮ್ಮವರು ಸಾಕಿರುವ ಪಮೇರಿಯನ್, ಚಿನ್ನು, ದೀಪಾವಳಿ ಹೊತ್ತಿಗೆ ಹಿಂಗಾಲು ಎತ್ತಿಕೊಂಡು ಕುಂಟತೊಡಗಿತು. ಕೊಪ್ಪಕ್ಕೆ, ದನದ ಡಾಕ್ಟರಲ್ಲಿಗೆ ಹೊತ್ತುಕೊಂಡು ಹೋದರು. "ಸಣ್ಣ ಜಾತಿ ನಾಯಿ, ಮಂಡಿಚಿಪ್ಪು ಜಾರ್ತಿದೆ. ನುಣ್ಣನೆ ನೆಲದಲ್ಲಿ ಓಡಕ್ಕೆ ಬಿಡ್ಬೇಡಿ, ಜಗಲಿಯಿಂದ ಹಾರಕ್ಕೆ ಬಿಡ್ಬೇಡಿ, ಮೈ ಬರಕ್ಕೂ ಬಿಡ್ಬೇಡಿ. ಮಣ್ಣಿನ ಮೇಲೆ ನಿಧಾನಕ್ಕೆ ನಡೆಸಿ" ಎಂದರಂತೆ.

ನಮ್ಮತ್ತೆಯ ಕಾವಿ ನೆಲ ನಿನಗೆ ಗೊತ್ತಲ್ಲ. ಶುಕ್ರವಾರ ಶುಕ್ರವಾರ ಕೊಬ್ಬರಿ ಎಣ್ಣೆಯ ಬಟ್ಟೆಯಲ್ಲಿ ಉಜ್ಜಿ, ಮುಖ ಕಾಣುವ ಹಾಗೆ ಮಾಡಬೇಕು. ಅದರ ಮೇಲೆ ನಾಯಿ ಜಾರದೆ ಇನ್ನೇನು?

ಸರಿ, ಶುರುವಾಯಿತು. ಅಡಿಕೆ ತುಂಬಲು ನಾನು ಒಗೆದಿಟ್ಟ ಗೋಣಿಗಳನ್ನೆಲ್ಲ ಬಿಚ್ಚಿ, ಅಂಚಿಗೆ ಅಂಚು ಹೊಲಿದು ನಡುಮನೆಗೆ ಹಾಸಿದ್ದಾಯಿತು. ಹೊಲಿದವಳು ಯಾರು? ನಾನೇ. ಜಗಲಿಯಿಂದ ಇಳಿಯಲು ಅಡಿಕೆ ಮರ ಸೀಳಿದ ದಬ್ಬೆಯ ಇಳಿಜಾರು, ಅದಕ್ಕೂ ಗೋಣಿ. ಯಜಮಾನರು ದಿನಾ ಚಿನ್ನುವನ್ನು ಗದ್ದೆಬದುವಿನ ಮೇಲೆ ಮದುಮಗಳ ಹಾಗೆ ನಡೆಸುತ್ತಾರೆ. ಅತ್ತೆ ಅದರ ತುಪ್ಪದನ್ನ ನಿಲ್ಲಿಸಿದ್ದಾರೆ. ಮೆಟ್ಟಿಲ ಹತ್ತಿರ ಬಂದರೆ ಸಾಕು, "ವೇದಾ, ಎತ್ಕಳೇ!" ಎಂಬ ಕೂಗು. ಕೈಯೆಲ್ಲ ದೋಸೆಹಿಟ್ಟಾಗಿದ್ದರೂ ಓಡಬೇಕು.

ನಿನ್ನೆ ತಾಳ್ಮೆ ಕೆಟ್ಟು ಗೋಣಿಯನ್ನು ಸುತ್ತಿ ಅಂಗಳಕ್ಕೆ ಎಸೆದೆ. "ಎಂತ ಮಾರಾಯ್ತಿ, ನಾಯಿ ಮೇಲೂ ಹೊಟ್ಟೆಕಿಚ್ಚಾ ನಿಂಗೆ?" ಎಂದು ಇವರು ನಕ್ಕರು. ಮೈಯೆಲ್ಲ ಉರಿದುಹೋಯಿತು. ಅಷ್ಟರಲ್ಲಿ ಚಿನ್ನು ಬರಿನೆಲದಲ್ಲಿ ನನ್ನ ಕಡೆ ಓಡಿಬಂದು, ಜಾರಿ, ಕುಂಯ್ ಎಂದಿತು. ನಾನೇ ಹೋಗಿ ಗೋಣಿ ತಂದು ಮತ್ತೆ ಹಾಸಿದೆ. ಅದರ ಮೇಲೆ ನನಗೆ ಸಿಟ್ಟಿಲ್ಲ ಅಕ್ಕ. ಪಾಪ, ಅದೇನು ಮಾಡಿತು?

ಭಾವನಿಗೆ ನಮಸ್ಕಾರ ತಿಳಿಸು. ನಿನ್ನ ಮಗಳು ಅಪೇಕ್ಷಾಳನ್ನು ದೇವರು ಚೆನ್ನಾಗಿಟ್ಟಿರಲಿ.

ನಿನ್ನ,
ವೇದಾ

ತಾ.ಕ.: ಮೊನ್ನೆ ಶುಕ್ರವಾರ ಅತ್ತೆ ಆ ಎಣ್ಣೆಬಟ್ಟೆಯನ್ನು ಬಚ್ಚಲೊಲೆಗೆ ಹಾಕಿ, "ಇನ್ನು ನೆಲ ಉಜ್ಜದು ಬೇಡ, ಪಾಪದ ಪ್ರಾಣಿ ಬೀಳ್ತದೆ" ಎಂದರು. ಐದು ತಿಂಗಳ ಬಸುರಿಯಾಗಿದ್ದಾಗ ನಾನು ಅದೇ ನೆಲದಲ್ಲಿ ಜಾರಿಬಿದ್ದು, ಮಗು ಕಳೆದುಕೊಂಡು ಆಸ್ಪತ್ರೆಯಿಂದ ಬಂದದ್ದು ನಿನಗೆ ಗೊತ್ತು. ಆಗ "ನೋಡ್ಕಂಡು ನಡೀಬೇಕಿತ್ತು" ಎಂದವರೂ ಇದೇ ಅತ್ತೆ. ಒಂದು ಮಾತು ನಿನಗೂ ಹೇಳಿರಲಿಲ್ಲ. ಅದರ ಮುಂದಿನ ಶುಕ್ರವಾರವೇ ಆ ಬಟ್ಟೆಯನ್ನು ನನ್ನ ಕೈಗೆ ಕೊಟ್ಟರು. ನಾನು ಉಜ್ಜಿದೆ.