ಕರಗುಮನೆಗೆ ಹೋಗದ ಬಾಣಂತಿ

ಆನೆಗೊಂದಿ ಹೊಸದಂಡೆ,
ಕ್ರಿಸ್ತಶಕ ಎರಡು ಸಾವಿರದ ಆರುನೂರ ಹದಿನಾರು, ಹದಿಮೂರನೆಯ ತಿಂಗಳು.

ಹಿಂದಿನ ಕಾಲದ ನಮ್ಮ ಹಿರಿಯರಿಗೆ ಅಂಬವ್ವ ಕಾರಟಗಿ ಮಾಡುವ ಶರಣು.

ಹದಿಮೂರನೆಯ ತಿಂಗಳೆಂದು ಓದಿ ಮುದುಕಿಗೆ ಅರಳುಮರಳು ಎಂದುಕೊಳ್ಳಬೇಡಿ. ನಾವು ವರ್ಷವನ್ನು ಇಪ್ಪತ್ತೆಂಟು ದಿನಗಳ ಹದಿಮೂರು ತಿಂಗಳಾಗಿ ಹಂಚಿಕೊಂಡಿದ್ದೇವೆ. ಮಿಕ್ಕ ಒಂದು ದಿನ ಯಾರಿಗೂ ಸೇರದೆ ಊರೆಲ್ಲ ಮಲಗುವ ದಿನ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ಹೊಸವು ಅನ್ನಿಸಬಹುದು, ಕ್ಷಮಿಸಬೇಕು. ನಿಮ್ಮ ಮಾತುಗಳೂ ನನಗೆ ಹಾಗೇ. ನಿಮ್ಮ ಕಾಲದ ಬರಹಗಳಲ್ಲಿ ‘ಕರೆಂಟು ಹೋಯಿತು’ ಎಂದು ಮೇಲಿಂದ ಮೇಲೆ ಬರುತ್ತದೆ. ಎಲ್ಲಿಗೆ ಹೋಗುತ್ತಿತ್ತು, ಯಾರು ಕಳಿಸುತ್ತಿದ್ದರು ಎಂದು ನಮಗೆ ಇನ್ನೂ ತಿಳಿದಿಲ್ಲ. ಈ ಪತ್ರ ಹಿಂದಕ್ಕೆ ಹೋಗಿ ನಿಮ್ಮನ್ನು ಮುಟ್ಟುತ್ತದೆ ಎಂದು ಅಂಚೆಯವರು ಹೇಳಿದ್ದಾರೆ. ಅವರ ಮೇಲೆ ನನಗೆ ಅಷ್ಟೇನೂ ನಂಬಿಕೆಯಿಲ್ಲ, ಆದರೂ ಬರೆಯುತ್ತಿದ್ದೇನೆ. ನಿನ್ನೆಯಿಂದ ನನ್ನ ಎದೆ ಹಗುರಾಗಿದೆ, ಆ ಸಮಾಧಾನವನ್ನು ಯಾರಿಗಾದರೂ ಹೇಳದಿದ್ದರೆ ಅನ್ನ ಇಳಿಯುವುದಿಲ್ಲ.

ಮೊದಲು ಕರಗುಮನೆ ಎಂದರೇನು ಎಂದು ಹೇಳಬೇಕು. ನಮ್ಮಲ್ಲಿ ಪ್ರತಿ ಓಣಿಗೂ ಒಂದು ಕರಗುಮನೆ ಇದೆ. ಮೊಳದಪ್ಪದ ಕಲ್ಲಿನ ಗೋಡೆ, ಒಂದೇ ಕಿಟಕಿ, ಒಳಗೆ ಮಂಚ, ಹೊರಗೆ ಬೇವಿನ ಮರ. ಆಸ್ಪತ್ರೆಯ ಯಂತ್ರದೊಳಗೆ ಹೋಗಿ ಬಂದವರು ಯಾರೇ ಆಗಲಿ, ಒಂದು ತಿಂಗಳು ಅಲ್ಲಿ ಬೇರೆ ಕೂರಬೇಕು. ಮೈಯೊಳಗೆ ಸೇರಿದ ಕಿರಣ ಕರಗುವವರೆಗೆ ಮಕ್ಕಳನ್ನು ಮುಟ್ಟಬಾರದು. ಇದು ನಮ್ಮ ಹಿರಿಯರ ಕಟ್ಟಳೆ, ಅಂದರೆ ನಿಮ್ಮಿಂದಲೇ ಇಳಿದು ಬಂದದ್ದು. ಕಟ್ಟಳೆಗೆ ಬುಡವಿಲ್ಲ ಎನ್ನುವಂತಿಲ್ಲ. ಕೆಲವು ರೋಗಗಳಿಗೆ ಡಾಕ್ಟರು ಕಿರಣ ಸೂಸುವ ಔಷಧವನ್ನೇ ಕುಡಿಸುತ್ತಾರೆ. ಆ ಔಷಧದ ಒಂದೊಂದು ಅಣುವೂ ತನ್ನ ಪಾಡಿಗೆ ಒಡೆದು, ಕಿರಣ ಬಿಟ್ಟು, ತಣ್ಣಗಾಗುತ್ತದೆ. ಯಾವ ಅಣು ಯಾವಾಗ ಒಡೆಯುತ್ತದೆಂದು ಬ್ರಹ್ಮನೂ ಹೇಳಲಾರ, ಆದರೆ ಇಂತಿಷ್ಟು ಹೊತ್ತಿಗೆ ಅರ್ಧ ಮುಗಿಯುತ್ತದೆಂದು ಶಾಲೆಯ ಹುಡುಗಿಯೂ ಹೇಳುತ್ತಾಳೆ. ಹೋಳಿಗೆಯನ್ನು ಅರ್ಧ ಮುರಿದು ತಿಂದು, ಉಳಿದದ್ದರಲ್ಲಿ ಮತ್ತೆ ಅರ್ಧ ಮುರಿದು ತಿಂದ ಹಾಗೆ. ಕೆಲವು ಔಷಧದ ಅರ್ಧ ಮಧ್ಯಾಹ್ನದೊಳಗೆ ತೀರುತ್ತದೆ, ಕೆಲವಕ್ಕೆ ವಾರ ಬೇಕು. ಅಂಥವನ್ನು ಕುಡಿದವರು ಎಳೆಗೂಸಿನಿಂದ ದೂರ ಇರುವುದು ನ್ಯಾಯವೇ.

ತಪ್ಪಾದದ್ದು ಎಲ್ಲಿ ಅಂದರೆ, ನಮ್ಮವರಿಗೆ ಎಲ್ಲ ಯಂತ್ರವೂ ಒಂದೇ ಆಗಿಬಿಟ್ಟಿತು. ಮೂಳೆಯ ಚಿತ್ರ ತೆಗೆಯುವ ಎಕ್ಸ್-ರೇಯೂ ಅದೇ, ಅಯಸ್ಕಾಂತದ ಯಂತ್ರವೂ ಅದೇ, ಕುಡಿಯುವ ಔಷಧವೂ ಅದೇ. ದೀಪ ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯುವುದಿಲ್ಲ, ಎಕ್ಸ್-ರೇಯೂ ಹಾಗೇ, ಗುಂಡಿ ಬಿಟ್ಟರೆ ಮುಗಿಯಿತು ಎಂದು ಡಾಕ್ಟರು ಹೇಳುತ್ತಲೇ ಬಂದಿದ್ದಾರೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಡಾಕ್ಟರು ಹೇಳುವುದನ್ನು ಹೇಳುತ್ತಾರೆ, ಮನೆಯವರು ಮಾಡುವುದನ್ನು ಮಾಡುತ್ತಾರೆ. ಇನ್ನೊಂದು ಗುಟ್ಟೂ ಇದೆ. ಕರಗುಮನೆಯೆಂದರೆ ಹೆಂಗಸರಿಗೆ ಇಷ್ಟ. ಅಲ್ಲಿ ಕೂತವರಿಗೆ ರೊಟ್ಟಿ ಬಡಿಯುವ ಕೆಲಸವಿಲ್ಲ, ಓಣಿಯವರೆಲ್ಲ ಸರದಿಯಂತೆ ಬುತ್ತಿ ತಂದು ಕಿಟಕಿಯಲ್ಲಿಡುತ್ತಾರೆ. ನಾನೂ ಮೊಣಕಾಲಿನ ಎಕ್ಸ್-ರೇ ತೆಗೆಸಿಕೊಂಡು ಒಂದು ತಿಂಗಳು ಶೇಂಗಾ ಹೋಳಿಗೆ ತಿನ್ನುತ್ತ ಕೂತು ಬಂದವಳು, ಸುಳ್ಳೇಕೆ ಹೇಳಲಿ. ಹೀಗಿರುವಾಗ ಕಟ್ಟಳೆಯನ್ನು ಪ್ರಶ್ನಿಸುವ ತುರ್ತು ಯಾರಿಗಿದ್ದೀತು?

ಆ ತುರ್ತು ನನ್ನ ಸೊಸೆ ಮಂದಾಕಿನಿಗೆ ಬಂತು. ಅವಳದು ಮೂರು ತಿಂಗಳ ಬಾಣಂತನ. ಕೂಸು ಹೆಣ್ಣು, ಗುಂಡುಗುಂಡಗಿದೆ, ಮೊಲೆಹಾಲು ಬಿಟ್ಟರೆ ಬೇರೇನನ್ನೂ ಬಾಯಿಗೆ ಸೇರಿಸುವುದಿಲ್ಲ. ಮಂದಾಳಿಗೆ ಮೊದಲು ತಲೆನೋವು ಶುರುವಾಯಿತು. ಆಮೇಲೆ ಮಗ್ಗುಲಲ್ಲಿಟ್ಟ ಚೊಂಬನ್ನು ಮೊಣಕೈಯಿಂದ ಉರುಳಿಸತೊಡಗಿದಳು, ಬಾಗಿಲು ದಾಟುವಾಗ ಭುಜ ಬಡಿಸಿಕೊಂಡಳು. ಎದುರಿಗಿದ್ದದ್ದು ಕಾಣುತ್ತಿತ್ತು, ಎಡಬಲದ್ದು ಕಾಣುತ್ತಿರಲಿಲ್ಲ. ಡಾಕ್ಟರ್ ಮುನೀರಾ ಕಣ್ಣು ಪರೀಕ್ಷಿಸಿ, ತಲೆಯೊಳಗೆ ಕಣ್ಣಿನ ನರವನ್ನು ಏನೋ ಒತ್ತುತ್ತಿದೆ, ತಡಮಾಡದೆ ಕಾಂತಮನೆಗೆ ಕರೆದುಕೊಂಡು ಬನ್ನಿ ಎಂದರು. ಕಾಂತಮನೆ ಅಂದರೆ ಅಯಸ್ಕಾಂತದ ಯಂತ್ರವಿರುವ ಮನೆ, ನೀವು ಎಂಆರ್‌ಐ ಅನ್ನುತ್ತಿದ್ದಿರಂತೆ.

ಮಂದಾ ಕೂಸನ್ನು ಎದೆಗವಚಿಕೊಂಡು ಗೋಡೆಗೆ ಒರಗಿದವಳು ಒಂದೇ ಮಾತು ಹೇಳಿದಳು: “ನಾ ಹೋಗಂಗಿಲ್ರೀ ಅತ್ತಿ. ತಿಂಗಳತನಕ ಕೂಸಿನ್ನ ಬಿಟ್ಟು ಹೆಂಗಿರ್ಲಿ? ಕಣ್ಣು ಹೋದ್ರ ಹೋಗ್ಲಿ.”

ನನ್ನ ಮಗ ಅತ್ತ ಹೆಂಡತಿಯನ್ನೂ ಇತ್ತ ನನ್ನನ್ನೂ ನೋಡುತ್ತ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಂತೆ ನಿಂತ. ನನ್ನ ಗಂಡನ ಅಕ್ಕ ಹಾಲಮ್ಮ ಮನೆಗೆ ಹಿರಿಯಳು, ಓಣಿಯ ಕರಗುಮನೆಯ ಕೀಲಿಯೂ ಅವಳ ಹತ್ತಿರವೇ ಇರುತ್ತದೆ. ಕರಗುಮನೆಗೆ ಹೋಗದೆ ಕೂಸನ್ನು ಮುಟ್ಟಬಹುದೇ ಎಂದು ಕೇಳಿದ್ದಕ್ಕೆ ಅವಳು ಸಿಡುಕಿದಳು: “ಹಿರೇರೆಲ್ಲ ಕುಂತು ಎದ್ದು ಬಂದಾರ. ಇಕಿಗೇನು ಕೋಡು ಮೂಡ್ಯಾವೇನು? ಕೂಸಿಗೆ ಏನರ ಆದ್ರ ನೀ ಜವಾಬ್ದಾರಿ ಏನು, ಅಂಬವ್ವಾ?” ಡಾಕ್ಟರ್ ಮುನೀರಾ ಮನೆಗೇ ಬಂದು ಹೇಳಿದರು: “ಅದ್ರಾಗ ಕಿರಣಾನೇ ಇಲ್ರೀ ಅವ್ವಾರ. ಬರೇ ಅಯಸ್ಕಾಂತ, ಮತ್ತ ರೇಡಿಯೋ ಅಲೆ. ಹೊರಗ ಬಂದ್ರ ಮುಗೀತು.” ಹಾಲಮ್ಮ ಅವರಿಗೆ ಚಹಾ ಕೊಟ್ಟು, ಮಾತನ್ನು ಮಾತ್ರ ಒಳಗೆ ಬಿಟ್ಟುಕೊಳ್ಳಲಿಲ್ಲ.

ಹಾಗೆ ವಾರ ಕಳೆಯಿತು. ಒಂದು ಬೆಳಿಗ್ಗೆ ಮಂದಾ ತೊಟ್ಟಿಲಿಗೆಂದು ಕೂಸನ್ನು ಇಳಿಸಿದವಳು ತೊಟ್ಟಿಲ ಅಂಚಿನ ಮೇಲೆ ಇಳಿಸಿದಳು. ನಾನು ಹತ್ತಿರವೇ ಇದ್ದೆ, ಹಿಡಿದೆ. ಆ ಹೊತ್ತು ನನಗೆ ಬಂದ ಹೆದರಿಕೆಯನ್ನು ನೀವು ಯಾವ ಕಾಲದವರಾದರೂ ಬಲ್ಲಿರಿ. ಇನ್ನು ಸುಮ್ಮನಿರುವುದು ಸಾಧ್ಯವಿಲ್ಲವೆಂದು ಎದ್ದು ನೇರ ಕರಗುಮನೆಗೆ ನಡೆದೆ.

ಅಲ್ಲಿ ಬಾಗಿಲ ಪಕ್ಕದಲ್ಲಿ ಕಿರಣಗಂಟೆ ತೂಗುಹಾಕಿರುತ್ತದೆ. ಅದು ಗಂಟೆಯಲ್ಲ, ತಾಮ್ರದ ಡಬ್ಬಿ. ಅದರೊಳಗಿನ ಕೊಳವೆಗೆ ಕಿರಣ ತಾಗಿದಾಗೆಲ್ಲ ‘ಟಿಕ್’ ಅನ್ನಬೇಕು. ಪಕ್ಕದ ಹಿಡಿಕೆ ತಿರುಗಿಸಿದರೆ ತಂತಿಸುರುಳಿಯ ನಡುವೆ ಅಯಸ್ಕಾಂತ ಸುತ್ತಿ, ತಂತಿಯಲ್ಲಿ ವಿದ್ಯುತ್ತು ಹುಟ್ಟಿ, ಡಬ್ಬಿಗೆ ಜೀವ ಬರುತ್ತದೆ. ನಿಮ್ಮ ಸೈಕಲ್ಲಿನ ಡೈನಮೋ ಕೂಡ ಹೀಗೇ ಇತ್ತೆಂದು ಓದಿದ್ದೇನೆ. ಯಾರ ಮೈಯಲ್ಲಿ ಕಿರಣವಿದೆ, ಯಾರಲ್ಲಿ ಇಲ್ಲ ಎಂದು ನೋಡುವುದಕ್ಕೇ ಹಿರಿಯರು ಅದನ್ನು ಅಲ್ಲಿ ತೂಗುಹಾಕಿದ್ದರು. ನಾವೇನು ಮಾಡಿದ್ದೆವು ಗೊತ್ತೇ? ಆಯುಧಪೂಜೆಗೆ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಕಾಯಿ ಒಡೆದು ಕೈಮುಗಿಯುತ್ತಿದ್ದೆವು. ನನಗೆ ಬುದ್ಧಿ ಬಂದಾಗಿನಿಂದ ಅದರ ಹಿಡಿಕೆಯನ್ನು ಯಾರೂ ತಿರುಗಿಸಿದ್ದಿಲ್ಲ. ಕುಂಕುಮ ಮೆತ್ತಿ ಮೆತ್ತಿ ಹಿಡಿಕೆ ಎಲ್ಲಿದೆಯೆಂದೇ ಕಾಣುತ್ತಿರಲಿಲ್ಲ.

ನಾನು ಮಾಲೆ ತೆಗೆದೆ. ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಹಾಲಮ್ಮ ಓಡಿ ಬಂದು ಎದೆ ಬಡಿದುಕೊಂಡಳು. “ಅಕ್ಕಾ, ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರ. ನೋಡೂಣು, ಆಮ್ಯಾಲೆ ಬೈಯಿ” ಅಂದೆ. ಆಗ ಕರಗುಮನೆಯೊಳಗೆ ನಮ್ಮ ಓಣಿಯ ಮುದುಕ ಹುಲಿಗೆಪ್ಪನಿದ್ದ. ಗಂಟಲ ಗಂಟಿಗೆ ಕಿರಣ ಸೂಸುವ ಅಯೋಡಿನ್ ಔಷಧ ಕುಡಿದು ಹಿಂದಿನ ದಿನವಷ್ಟೇ ಬಂದು ಕೂತಿದ್ದ. ಹಿಡಿಕೆ ತಿರುಗಿಸುತ್ತ ಡಬ್ಬಿಯನ್ನು ಕಿಟಕಿಗೆ ಹಿಡಿದೆ. ಒಗ್ಗರಣೆಗೆ ಬಿದ್ದ ಸಾಸಿವೆಯಂತೆ ಅದು ಪಟಪಟ ಸಿಡಿಯತೊಡಗಿತು. ಹುಲಿಗೆಪ್ಪ ಹೆದರಿ ಮಂಚ ಹತ್ತಿದ. ಹಾಲಮ್ಮನ ಮುಖ ಅರಳಿತು, ಕಟ್ಟಳೆ ಗೆದ್ದಿತೆಂದು. ಹೌದು, ಅಲ್ಲಿ ಕಟ್ಟಳೆಯೇ ಸರಿ, ಹುಲಿಗೆಪ್ಪ ಅಲ್ಲೇ ಇರಲಿ ಎಂದು ನಾನೂ ಒಪ್ಪಿದೆ. ಒಪ್ಪಿ, ಒಂದು ಕರಾರು ಮಾಡಿಕೊಂಡೆ: ಮಂದಾ ಕಾಂತಮನೆಯಿಂದ ಬಂದ ಕೂಡಲೇ ಇದನ್ನು ಅವಳಿಗೆ ಹಿಡಿಯೋಣ, ಅದು ಹೀಗೆ ಸಿಡಿದರೆ ಅವಳು ಕರಗುಮನೆಗೆ, ಸಿಡಿಯದಿದ್ದರೆ ಕೂಸಿನ ಹತ್ತಿರಕ್ಕೆ. ಹಾಲಮ್ಮ ಹಟಮಾರಿ, ಆದರೆ ಮಾತಿಗೆ ತಪ್ಪುವವಳಲ್ಲ. ಹೂಂ ಅಂದಳು. ಅವಳು ಹೂಂ ಅಂದದ್ದರಿಂದ ಮಂದಾಳೂ ಒಪ್ಪಿದಳು.

ನಿನ್ನೆ ನಾನು, ಮಂದಾ, ಕೂಸು, ಡಬ್ಬಿ ಹಿಡಿದ ಹಾಲಮ್ಮ ತೇಲುಬಂಡಿಯಲ್ಲಿ ಹೊರಟೆವು. ಹಳಿಯ ಮೇಲಿನ ಅಯಸ್ಕಾಂತವೂ ಬಂಡಿಯ ಅಯಸ್ಕಾಂತವೂ ಒಂದನ್ನೊಂದು ತಳ್ಳುವುದರಿಂದ ಅದಕ್ಕೆ ಗಾಲಿಯೇ ಬೇಡ. ಕೂಸು ಹೊಸಪೇಟೆಯವರೆಗೂ ಕಣ್ಣು ತೆರೆಯಲಿಲ್ಲ. ಕಾಂತಮನೆಯ ಬಾಗಿಲಲ್ಲಿ ಮಂದಾಳ ತಾಳಿ, ಬಳೆ, ಕಾಲುಂಗುರ ಎಲ್ಲ ಬಿಚ್ಚಿಸಿದರು. ನನ್ನ ಸೊಂಟದ ಕೀಲಿಗೊಂಚಲನ್ನೂ ಕಿತ್ತುಕೊಂಡು, ಇದನ್ನು ಒಳಗೆ ತಂದರೆ ಗೊಂಚಲ ಜೊತೆ ನೀವೂ ಹಾರಿ ಹೋಗುತ್ತೀರಿ ಎಂದು ಬೈದರು. ಗಾಜಿನಾಚೆ ನಿಂತು ನೋಡಿದೆ. ಮಂದಾಳನ್ನು ಒಳಗೆ ಸರಿಸಿದರು, ಯಂತ್ರ ಹತ್ತು ಜನ ಒಟ್ಟಿಗೆ ರೊಟ್ಟಿ ಬಡಿದಂತೆ ಸದ್ದು ಮಾಡಿತು. ಡಾಕ್ಟರ್ ಮುನೀರಾ ನನ್ನ ಪಕ್ಕ ನಿಂತು ವಿವರಿಸಿದರು. ನಮ್ಮ ಮೈಯಲ್ಲಿ ಬಹುಪಾಲು ನೀರು, ನೀರಿನಲ್ಲಿ ಹೈಡ್ರೋಜನ್, ಅದರ ನಡುವಿನ ಪ್ರೋಟಾನು ಒಂದು ಪುಟ್ಟ ಅಯಸ್ಕಾಂತವಂತೆ. ದೊಡ್ಡ ಅಯಸ್ಕಾಂತದೊಳಗೆ ಅವು ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಸಾಲಾಗುತ್ತವೆ. ರೇಡಿಯೋ ಅಲೆ ಬಂದು ಅವನ್ನು ವಾಲಿಸುತ್ತದೆ. ಅಲೆ ನಿಂತಾಗ ಅವು ಮತ್ತೆ ಸಾಲಿಗೆ ಮರಳುತ್ತ ತಾವೂ ಸಣ್ಣ ಅಲೆ ಬಿಡುತ್ತವೆ. ಕೊಬ್ಬಿನಲ್ಲಿರುವುದು ಬೇಗ ಮರಳುತ್ತದೆ, ನೀರಿನಲ್ಲಿರುವುದು ನಿಧಾನ. ಆ ವ್ಯತ್ಯಾಸದಿಂದಲೇ ಚಿತ್ರ ಮೂಡುತ್ತದೆ. ನಾನು ಅರ್ಧ ಕೇಳಿಸಿಕೊಂಡೆ. ಇನ್ನರ್ಧ ಕಿವಿ ಹಜಾರದಲ್ಲಿ ಹಸಿದು ಅಳುತ್ತಿದ್ದ ಕೂಸಿನ ಕಡೆಗಿತ್ತು.

ಚಿತ್ರ ಬಂತು. ಮಿದುಳಿನ ಬುಡದಲ್ಲಿ, ಎರಡು ಕಣ್ಣಿನ ನರಗಳು ಕೂಡುವ ಜಾಗದ ಕೆಳಗೆ, ಕಡಲೆಕಾಳಿನಷ್ಟಿರಬೇಕಾದ ಗ್ರಂಥಿ ಊದಿಕೊಂಡಿತ್ತು. ಕೆಟ್ಟ ಗೆಡ್ಡೆಯ ಹಾಗೆ ಕಾಣುವುದಿಲ್ಲ, ಬಾಣಂತಿಯರಲ್ಲಿ ಅಪರೂಪಕ್ಕೆ ಬರುವ ಉರಿಯೂತ, ಗುಳಿಗೆಗೆ ಇಳಿಯುತ್ತದೆ, ಹಾಲೂಡಿಸಲು ಅಡ್ಡಿಯಿಲ್ಲ ಎಂದರು ಡಾಕ್ಟರ್. ಇನ್ನೂ ತಡಮಾಡಿದ್ದರೆ ಕಣ್ಣು ಹೋಗುತ್ತಿತ್ತು ಎಂದೂ ಹೇಳಿದರು. ನಾನು ಮಂದಾಳಿಗೆ ತಾಳಿ, ಬಳೆ, ಕಾಲುಂಗುರ ಒಂದೊಂದಾಗಿ ಮತ್ತೆ ತೊಡಿಸಿದೆ.

ಹಜಾರದಲ್ಲಿ ಹಾಲಮ್ಮ ಡಬ್ಬಿ ಹಿಡಿದು ಕಾಯುತ್ತಿದ್ದಳು. ಮೊದಲು ಸುಮ್ಮನೆ ಗಾಳಿಗೆ ಹಿಡಿದಳು. ಆಗೊಂದು ಈಗೊಂದು ಟಿಕ್. ಮಣ್ಣಿನಲ್ಲಿ, ಕಲ್ಲಿನಲ್ಲಿ, ಆಕಾಶದಿಂದ ಬರುವುದರಲ್ಲಿ ಅಷ್ಟು ಕಿರಣ ಯಾವಾಗಲೂ ಇದ್ದದ್ದೇ ಎಂದು ಡಾಕ್ಟರ್ ಅಂದರು. ಆಮೇಲೆ ಮಂದಾಳ ತಲೆಗೆ, ಎದೆಗೆ, ಹೊಟ್ಟೆಗೆ ಹಿಡಿದಳು. ಅದೇ ಆಗೊಂದು ಈಗೊಂದು. ನಂಬಿಕೆ ಬರದೆ ಬಾಗಿ ಆಸ್ಪತ್ರೆಯ ಹೊಸ್ತಿಲ ಕಲ್ಲಿಗೆ ಹಿಡಿದಳು. ನಮ್ಮ ಕಡೆಯ ಬಂಡೆಗಲ್ಲು ಅದು. ಸೊಸೆಗಿಂತ ಹೊಸ್ತಿಲೇ ಹೆಚ್ಚು ಟಿಕ್ ಅಂದಿತು. ನನಗೆ ನಗು ತಡೆಯಲಾಗಲಿಲ್ಲ. “ಹಂಗಾರ ಹೊಸ್ತಿಲನ್ನ ಕರಗುಮನಿಗೆ ಹಾಕೂಣೇನಕ್ಕಾ?” ಅಂದೆ.

ಅವಳು ನಗಲಿಲ್ಲ. ಕೂಸನ್ನು ಎತ್ತಿ ತಾನೇ ಮಂದಾಳ ಮಡಿಲಿಗೆ ಹಾಕಿದಳು. ಕೂಸು ಅಳು ನಿಲ್ಲಿಸಿ ಎದೆಗೆ ಬಾಯಿಟ್ಟಿತು. ಮಂದಾ ಅದರ ತಲೆಯ ಮೇಲೆ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಹಾಲಮ್ಮ ಡಾಕ್ಟರ ಕಡೆ ತಿರುಗಿ ಸಣ್ಣ ದನಿಯಲ್ಲಿ ಕೇಳಿದಳು: “ನಾ ಕೂಸಿದ್ದಾಗ ನಮ್ಮವ್ವಗ ಕೈ ಮುರದಿತ್ತಂತ್ರೀ. ಬರೇ ಎಕ್ಸ್-ರೇ. ನಾ ಕಿಟಕಿ ಹೊರಗ ಅಳತಿದ್ನಂತ, ಅಕಿ ಒಳಗ ಅಳತಿದ್ಲಂತ. ಮತ್ತ... ಅದು ಯಾಕ್ರೀ?”

ನಾನು ಹೋಗಿ ಅವಳ ಕೈ ಹಿಡಿದುಕೊಂಡೆ.

ಹಿರಿಯರೇ, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ನಿಮ್ಮ ಯಂತ್ರಗಳಿಂದಲೇ ನನ್ನ ಸೊಸೆಯ ಕಣ್ಣು ಉಳಿಯಿತು, ನಿಮ್ಮ ಎಚ್ಚರಿಕೆಯಿಂದಲೇ ಹುಲಿಗೆಪ್ಪನ ಮೊಮ್ಮಕ್ಕಳು ಕ್ಷೇಮವಾಗಿದ್ದಾರೆ. ಒಂದೇ ಒಂದು ಬೇಡಿಕೆ. ‘ಮುಟ್ಟಬೇಡಿ’ ಎಂದು ನೀವು ಎಲ್ಲಿ ಬರೆದಿದ್ದರೂ ಅದರ ಕೆಳಗೆ ಯಾಕೆ ಮುಟ್ಟಬಾರದು, ಎಲ್ಲಿಯವರೆಗೆ ಮುಟ್ಟಬಾರದು ಎಂಬುದನ್ನೂ ಬರೆಯಿರಿ. ದಪ್ಪ ಅಕ್ಷರದಲ್ಲಿ, ಮನೆಯ ಮಾತಿನಲ್ಲಿ, ಕೀಲಿ ಹಿಡಿದ ಮುದುಕಿಗೂ ತಿಳಿಯುವಂತೆ ಬರೆಯಿರಿ. ಹಾಗೆ ಬರೆದರೆ ಅದು ನಿಮ್ಮಿಂದ ಕೆಳಗಿಳಿದು ಹಾಲಮ್ಮನ ತಾಯಿಯ ಕಾಲಕ್ಕೂ ಮುಟ್ಟೀತು. ನನಗೆ ಕಾಲದ ಲೆಕ್ಕ ತಿಳಿಯದು, ಆಗಿ ಹೋದದ್ದು ಬದಲಾಗುತ್ತದೋ ಇಲ್ಲವೋ ಗೊತ್ತಿಲ್ಲ. ಆದರೂ ಬರೆಯಿರಿ. ಆ ತಾಯಿ ಎದ್ದು ಹೊರಗೆ ಬಂದು ತನ್ನ ಮಗಳನ್ನು ಎತ್ತಿಕೊಳ್ಳಲಿ.